ಅರಿಶಿನ, ಚಹಾ, ಚಾಕೊಲೇಟ್ ತಿಂದರೆ ಮಿದುಳಿನಲ್ಲಿ ಹೊಸ ಕೋಶ ಹುಟ್ಟುತ್ತವೆಯೇ?

2025ರ ಜುಲೈನಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯಿಂದ ಒಂದು ಸುದ್ದಿ ಬಂತು. ಹುಟ್ಟಿದ ಮಗುವಿನಿಂದ ಹಿಡಿದು 78 ವರ್ಷದವರವರೆಗಿನ ಮಿದುಳಿನ ಮಾದರಿಗಳನ್ನು ಅಲ್ಲಿನ ವಿಜ್ಞಾನಿಗಳು ಪರೀಕ್ಷಿಸಿದ್ದರು. ವಯಸ್ಕರ ಮಿದುಳಿನಲ್ಲೂ ಹೊಸ ನರಕೋಶಗಳಿಗೆ ಜನ್ಮ ಕೊಡುವ ತಾಯಿಕೋಶಗಳಿವೆ, ಅವು ವಿಭಜನೆ ಆಗುತ್ತಲೂ ಇವೆ ಎಂದು ಅವರು ಹೇಳಿದರು.

ಇಂಥ ಸುದ್ದಿ ಬಂದಾಗಲೆಲ್ಲ ಅದರ ಪಕ್ಕದಲ್ಲೇ ಇನ್ನೊಂದು ಮಾತು ಓಡಾಡುತ್ತದೆ. ಅರಿಶಿನ, ಗ್ರೀನ್ ಟೀ, ಡಾರ್ಕ್ ಚಾಕೊಲೇಟ್, ದ್ರಾಕ್ಷಿ ಸಿಪ್ಪೆ, ಇವುಗಳಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯ ರಾಸಾಯನಿಕ‌ಗಳು ಆ ಹೊಸ ಕೋಶಗಳನ್ನು ಬೆಳೆಸುತ್ತವೆ ಎಂಬ ಮಾತು. ಇತ್ತ 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ ಅರಿಶಿನದ ಮಾತ್ರೆಗಳಿಂದ ಕೆಲವರ ಲಿವರ್‌ಗೆ ಹಾನಿ ಆಗಬಹುದು ಎಂದು ಎಚ್ಚರಿಸಿತು. ಓದುವವರಿಗೆ ಗೊಂದಲ ಆಗುವುದು ಸಹಜ. ಒಂದೇ ವಸ್ತು ಮಿದುಳು ಬೆಳೆಸುತ್ತದೆ ಅಂತಾರೆ, ಲಿವರ್ ಕೆಡಿಸುತ್ತದೆ ಅಂತಲೂ ಅಂತಾರೆ. ಯಾವುದನ್ನು ನಂಬುವುದು?

ಎರಡರ ಹಿಂದೆಯೂ ನಿಜವಾದ ಸಂಶೋಧನೆ ಇದೆ. ಗೊಂದಲ ಹುಟ್ಟುವುದು ಎಷ್ಟು ಪ್ರಮಾಣ, ಯಾವ ವಯಸ್ಸು ಎಂಬ ಎರಡು ಪ್ರಶ್ನೆಗಳನ್ನು ಕೈಬಿಟ್ಟಾಗ.

ನಾಲಿಗೆ ಹಿಡಿಯುವ ಒಗರು

ಎಳೆ ಬಾಳೆಕಾಯಿ, ಅಡಿಕೆ, ನೇರಳೆ ಹಣ್ಣು, ಹಾಲು ಹಾಕದ ಕಡು ಚಹಾ. ಇವು ಬಾಯಿಗೆ ಬಿದ್ದರೆ ನಾಲಿಗೆ ಹಿಡಿದಂತಾಗುತ್ತದೆ, ಅಲ್ವಾ? ಆ ಒಗರಿಗೆ ಮುಖ್ಯ ಕಾರಣ ಟ್ಯಾನಿನ್ ಎಂಬ ಪಾಲಿಫಿನಾಲ್ ಗುಂಪು. ಅದು ಎಂಜಲಿನ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಎಂಜಲಿನ ಜಾರುವ ಗುಣ ಹೋಗಿ ಬಾಯಿ ಒಣಗಿದಂತೆ ಅನ್ನಿಸುತ್ತದೆ.

ಸಸ್ಯಗಳು ಇವನ್ನು ನಮಗಾಗಿ ತಯಾರಿಸುವುದಿಲ್ಲ. ಹುಳು, ಶಿಲೀಂಧ್ರ, ಸುಡುವ ಬಿಸಿಲಿನಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸುತ್ತವೆ. ಈ ಕುಟುಂಬದಲ್ಲಿ ಸಾವಿರಾರು ಸದಸ್ಯರಿದ್ದಾರೆ. ಅರಿಶಿನದ ಕರ್ಕ್ಯುಮಿನ್, ಗ್ರೀನ್ ಟೀಯ ಇಜಿಸಿಜಿ, ಕೋಕೋದ ಎಪಿಕೆಟೆಚಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಅವರಲ್ಲಿ ಹೆಸರುವಾಸಿಯಾದವು. ಎಲ್ಲವೂ ಒಂದೇ ತರ ಅಲ್ಲ. ಆದರೆ ಹೋದಲ್ಲಿ ಏನನ್ನಾದರೂ ಹಿಡಿದುಕೊಳ್ಳುವ ಗುಣ ಹಲವಕ್ಕಿದೆ. ಆ ಗುಣವನ್ನು ನೆನಪಿನಲ್ಲಿಡಿ, ಮುಂದೆ ಪ್ರಯೋಗಾಲಯದಲ್ಲೂ ಅಡುಗೆಮನೆಯಲ್ಲೂ ಅದು ಮತ್ತೆ ಎದುರಾಗುತ್ತದೆ.

ಹೊಸ ಕೋಶ ಹುಟ್ಟುತ್ತದೋ ಇಲ್ಲವೋ: ಮುಗಿಯದ ವಾದ

ನರಕೋಶಗಳು ಹುಟ್ಟುವುದು ಬಹುಪಾಲು ತಾಯಿಯ ಹೊಟ್ಟೆಯಲ್ಲಿ. ಹುಟ್ಟಿದ ಮೇಲಿನ ಮೊದಲ ಎರಡು ಮೂರು ವರ್ಷಗಳಲ್ಲಿ ಅವುಗಳ ನಡುವೆ ಸಂಪರ್ಕ ಬೆಳೆಯುತ್ತದೆ, ನರತಂತುಗಳಿಗೆ ಕೊಬ್ಬಿನ ಹೊದಿಕೆ ಬರುತ್ತದೆ. ದೊಡ್ಡವರಾದ ಮೇಲೆ ಹೊಸ ಕೋಶ ಇಲ್ಲವೇ ಇಲ್ಲ ಎಂಬುದು ಬಹುಕಾಲದ ನಂಬಿಕೆ ಆಗಿತ್ತು.

1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಎಂಬ ವಿಜ್ಞಾನಿ ಬೆಳೆದ ಇಲಿಗಳ ಮಿದುಳಿನಲ್ಲಿ ಹೊಸ ನರಕೋಶ ಕಂಡೆ ಎಂದರು. ಹೆಚ್ಚಿನವರು ಗಮನ ಕೊಡಲಿಲ್ಲ. 1998ರಲ್ಲಿ ಸ್ವೀಡನ್ ಮತ್ತು ಅಮೆರಿಕದ ತಂಡ ಮನುಷ್ಯರಲ್ಲಿ ಇದನ್ನು ತೋರಿಸಿತು. ಕ್ಯಾನ್ಸರ್ ಗಡ್ಡೆ ಹೇಗೆ ಬೆಳೆಯುತ್ತಿದೆ ಎಂದು ತಿಳಿಯಲು ಕೆಲವು ರೋಗಿಗಳಿಗೆ ಹೊಸ ಕೋಶಗಳನ್ನು ಗುರುತು ಹಾಕುವ ಒಂದು ರಾಸಾಯನಿಕ ಕೊಡಲಾಗಿತ್ತು. ಅವರು ತೀರಿಕೊಂಡ ಮೇಲೆ ಹಿಪ್ಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪು ಮೂಡಿಸುವ ಭಾಗದಲ್ಲಿ, ಗುರುತು ಬಿದ್ದ ನರಕೋಶಗಳು ಸಿಕ್ಕವು. 2013ರಲ್ಲಿ ಕರೋಲಿನ್‌ಸ್ಕಾದವರು ಇನ್ನೊಂದು ದಾರಿ ಹಿಡಿದರು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಕಾರ್ಬನ್-14 ಆಯಾ ಕಾಲದಲ್ಲಿ ಹುಟ್ಟಿದ ಕೋಶಗಳ ಡಿಎನ್‌ಎಯಲ್ಲಿ ಉಳಿದಿರುತ್ತದೆ. ಅದನ್ನು ಅಳೆದು, ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ಗಳಲ್ಲಿ ದಿನಕ್ಕೆ ತಲಾ ಸುಮಾರು 700 ಹೊಸ ನರಕೋಶ ಸೇರುತ್ತವೆ ಎಂದು ಲೆಕ್ಕ ಹಾಕಿದರು.

ಅಲ್ಲಿಗೆ ವಾದ ಮುಗಿಯಲಿಲ್ಲ. 2018ರ ಮಾರ್ಚ್‌ನಲ್ಲಿ ಒಂದು ತಂಡ, ಹದಿಹರೆಯ ದಾಟಿದ ಮೇಲೆ ಹೊಸ ನರಕೋಶ ಕಾಣುವುದೇ ಇಲ್ಲ ಎಂದಿತು. ಮರುತಿಂಗಳೇ ಇನ್ನೊಂದು ತಂಡ, ಎಪ್ಪತ್ತು ದಾಟಿದವರಲ್ಲೂ ಇವೆ ಎಂದಿತು. 2025ರ ಸಂಶೋಧನೆ ತಕ್ಕಡಿಯನ್ನು 'ಹುಟ್ಟುತ್ತವೆ' ಕಡೆಗೆ ವಾಲಿಸಿದೆ. ಆದರೆ ಅದರಲ್ಲೂ ಒಬ್ಬರಿಂದ ಒಬ್ಬರಿಗೆ ತುಂಬಾ ವ್ಯತ್ಯಾಸ ಕಂಡಿದೆ. ಕೆಲವರಲ್ಲಿ ಜಾಸ್ತಿ, ಕೆಲವರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಇದರಿಂದ ಒಂದು ಮಾತು ತಾನಾಗಿ ಹೊರಡುತ್ತದೆ. ಬದುಕಿರುವ ಮನುಷ್ಯರ ಮಿದುಳಿನಲ್ಲಿ ಹೊಸ ನರಕೋಶಗಳನ್ನು ನೇರವಾಗಿ ಎಣಿಸುವ ವಿಧಾನ ಇನ್ನೂ ಬಂದಿಲ್ಲ. ಹಾಗಾಗಿ 'ಈ ಪುಡಿ ತಿಂದವರಲ್ಲಿ ಹೊಸ ಕೋಶ ಹುಟ್ಟಿದೆ' ಎಂದು ಯಾರಾದರೂ ಹೇಳಿದರೆ, ಅವರು ಅದನ್ನು ಇಲಿಯಲ್ಲಿ ಅಥವಾ ಗಾಜಿನ ತಟ್ಟೆಯಲ್ಲಿ ನೋಡಿ ಹೇಳುತ್ತಿದ್ದಾರೆ.

ಗಾಜಿನ ತಟ್ಟೆಯಲ್ಲಿ ಕಂಡದ್ದು

ಅಲ್ಲಿ ಕಂಡದ್ದು ಸುಳ್ಳಲ್ಲ. 2008ರಲ್ಲಿ ದಕ್ಷಿಣ ಕೊರಿಯಾದ ಪುಸಾನ್ ವಿಶ್ವವಿದ್ಯಾಲಯದ ತಂಡ ಭ್ರೂಣದ ಮಿದುಳಿನ ತಾಯಿಕೋಶಗಳಿಗೆ ಕರ್ಕ್ಯುಮಿನ್ ಹಾಕಿ ನೋಡಿತು. ಸ್ವಲ್ಪ ಹಾಕಿದಾಗ ಕೋಶಗಳು ಚೆನ್ನಾಗಿ ವಿಭಜನೆಯಾದವು. ಜಾಸ್ತಿ ಹಾಕಿದಾಗ ಸತ್ತವು. ಬೆಳೆದ ಇಲಿಗಳಿಗೆ ಕೊಟ್ಟಾಗ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಹೆಚ್ಚಿದವು.

ಅದೇ ತಂಡದ ಸಂಶೋಧಕರು 2012ರಲ್ಲಿ ರೆಸ್ವೆರಟ್ರಾಲ್ ಪರೀಕ್ಷಿಸಿದರು. ಫಲಿತಾಂಶ ಉಲ್ಟಾ ಬಂತು. ತಾಯಿಕೋಶಗಳ ವಿಭಜನೆ ತಗ್ಗಿತು, ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಕಡಿಮೆಯಾದವು. ಕೋಕೋದ ಎಪಿಕೆಟೆಚಿನ್ ಕಥೆ ಇನ್ನೂ ಬೇರೆ. 2007ರ ಒಂದು ಪ್ರಯೋಗದಲ್ಲಿ ಅದನ್ನು ತಿಂದ ಇಲಿಗಳಿಗೆ ದಾರಿ ನೆನಪಿಟ್ಟುಕೊಳ್ಳುವ ಶಕ್ತಿ ಹೆಚ್ಚಿತು, ಮಿದುಳಿನಲ್ಲಿ ರಕ್ತನಾಳಗಳು ಹೆಚ್ಚಿದವು. ಹೊಸ ನರಕೋಶಗಳ ಸಂಖ್ಯೆ ಮಾತ್ರ ಹೆಚ್ಚಲಿಲ್ಲ.

ಒಂದು ಪಾಲಿಫಿನಾಲ್ ಹೆಚ್ಚಿಸಿತು, ಒಂದು ತಗ್ಗಿಸಿತು, ಇನ್ನೊಂದು ಅದನ್ನು ಮುಟ್ಟದೆ ಬೇರೆ ದಾರಿಯಲ್ಲಿ ಕೆಲಸ ಮಾಡಿತು. 'ಪಾಲಿಫಿನಾಲ್ ಮಿದುಳಿಗೆ ಒಳ್ಳೆಯದು' ಎಂಬ ವಾಕ್ಯ 'ಸೊಪ್ಪು ಔಷಧಿ' ಎಂದ ಹಾಗೆ. ಯಾವ ಸೊಪ್ಪು, ಎಷ್ಟು ಎಂದು ಕೇಳದೆ ಮುಂದೆ ಹೋಗಲು ಆಗುವುದಿಲ್ಲ.

ಒಂದು ಲೋಟ ಅರಿಶಿನ ಹಾಲಿನ ಲೆಕ್ಕ

ಈಗ ಪ್ರಮಾಣಕ್ಕೆ ಬರೋಣ. ಒಂದು ಲೋಟ ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನ ಹಾಕಿದಿರಿ ಎಂದುಕೊಳ್ಳಿ. ಅದು ಸುಮಾರು ಒಂದೂವರೆ ಗ್ರಾಂ. ಅರಿಶಿನದ ತೂಕದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3. ಅಂದರೆ ನಿಮ್ಮ ಲೋಟದಲ್ಲಿ ಇರುವುದು 45 ಮಿಲಿಗ್ರಾಂ ಆಸುಪಾಸು.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗ ಒಂದು ಪರೀಕ್ಷೆ ನಡೆಸಿತು. ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟರು. ಅದು ನಮ್ಮ ಲೋಟಕ್ಕಿಂತ ನಲವತ್ತು ಪಟ್ಟು ಜಾಸ್ತಿ. ಆದರೂ ರಕ್ತದಲ್ಲಿ ಅದು ಕಾಣಲೇ ಇಲ್ಲ, ಕಂಡರೂ ತೀರಾ ಕಡಿಮೆ. ಕರುಳು ಮತ್ತು ಲಿವರ್ ಸೇರಿ ಅದನ್ನು ಬೇಗನೆ ರೂಪ ಬದಲಿಸಿ ಹೊರಹಾಕಿಬಿಡುತ್ತವೆ. ಅದರ ಜೊತೆ ಕರಿಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಶೇ 2000 ಹೆಚ್ಚಿತು. ಇವತ್ತು ಜಗತ್ತಿನಾದ್ಯಂತ ಕರ್ಕ್ಯುಮಿನ್ ಡಬ್ಬಿಗಳ ಮೇಲೆ ಕಾಣುವ ಆ '2000%' ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ಆ ಸಂಖ್ಯೆ ನಿಜ. ಆದರೆ ಇಲ್ಲದಿರುವುದಕ್ಕೆ ಹತ್ತಿರವಾದ ಒಂದು ಪ್ರಮಾಣ ಇಪ್ಪತ್ತು ಪಟ್ಟು ಹೆಚ್ಚಿದರೂ ಅದು ಸಣ್ಣದೇ. ಅದೂ ಕೊಟ್ಟ ಮೊದಲ ಒಂದು ಗಂಟೆಯೊಳಗೆ ಕಂಡ ಏರಿಕೆ. ಇದು ಇನ್ನೂ ರಕ್ತದ ಲೆಕ್ಕ. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಬಿಗಿಯಾದ ಇನ್ನೊಂದು ತಡೆ ಇದೆ.

ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ದೇಹದ ಉಷ್ಣತೆಯಲ್ಲಿ, ರಕ್ತದಷ್ಟೇ ಸೌಮ್ಯ ಕ್ಷಾರ ಇರುವ ನೀರಿನಲ್ಲಿ ಕರ್ಕ್ಯುಮಿನ್ ಇಟ್ಟರೆ ಅರ್ಧ ಗಂಟೆಯಲ್ಲಿ ಅದರ ಶೇ 90ರಷ್ಟು ಒಡೆದುಹೋಗುತ್ತದೆ. ಪ್ರೋಟೀನ್ ಇದ್ದರೆ ಇನ್ನೊಂದಿಷ್ಟು ಹೊತ್ತು ಉಳಿಯುತ್ತದೆ. ಗಾಜಿನ ತಟ್ಟೆಯಲ್ಲಿ ಕೋಶಕ್ಕೆ ಸಿಕ್ಕಿದ್ದು ಕರ್ಕ್ಯುಮಿನ್ನೋ ಅದರ ತುಣುಕುಗಳೋ ಎಂಬುದೇ ಎಷ್ಟೋ ಸಲ ಸ್ಪಷ್ಟ ಇರುವುದಿಲ್ಲ.

ವಿಜ್ಞಾನಿಗಳು ಎಲ್ಲಿ ಒಪ್ಪುವುದಿಲ್ಲ

ಇಲ್ಲಿಂದ ಅಭಿಪ್ರಾಯಗಳು ಕವಲೊಡೆಯುತ್ತವೆ.

ಔಷಧ ರಸಾಯನಶಾಸ್ತ್ರಜ್ಞರ ಮಾತು ಎಲ್ಲಕ್ಕಿಂತ ಕಟು. 2017ರಲ್ಲಿ ಅವರದೊಂದು ತಂಡ ಕರ್ಕ್ಯುಮಿನ್ ಬಗೆಗಿನ ಸಂಶೋಧನೆಗಳನ್ನೆಲ್ಲ ಕೂಡಿಹಾಕಿ ನೋಡಿತು. ನೂರಿಪ್ಪತ್ತಕ್ಕೂ ಹೆಚ್ಚು ಮಾನವ ಪರೀಕ್ಷೆಗಳು ನಡೆದಿದ್ದರೂ, ಕಟ್ಟುನಿಟ್ಟಾಗಿ ನಡೆಸಿದ ಯಾವುದೂ ಗೆದ್ದಿಲ್ಲ ಎಂದಿತು. ಅವರು ತೋರಿಸಿದ ಕಾರಣ ನಾವು ಆಗಲೇ ನೋಡಿದ ಹಿಡಿಯುವ ಗುಣ. ಕರ್ಕ್ಯುಮಿನ್ ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟುತ್ತದೆ. ಜೊತೆಗೆ ತಾನೇ ಹೊಳೆಯುತ್ತದೆ. ಬೆಳಕನ್ನು ಅಳೆದು ಫಲಿತಾಂಶ ಹೇಳುವ ಯಂತ್ರಕ್ಕೆ, ಔಷಧ ಕೆಲಸ ಮಾಡಿದಂತೆ ಕಾಣುತ್ತದೆ. ಯಾವ ರೋಗದ ಪರೀಕ್ಷೆಗೆ ಹಾಕಿದರೂ ಒಳ್ಳೆಯ ಫಲಿತಾಂಶ ಬರುವುದು ಇದೇ ಕಾರಣಕ್ಕೆ ಎಂಬುದು ಅವರ ವಾದ.

ಎರಡನೆಯವರು ಸಣ್ಣ ಪೆಟ್ಟಿನ ಸಿದ್ಧಾಂತದವರು. ಸಸ್ಯದ ಈ ರಕ್ಷಣಾ ರಾಸಾಯನಿಕಗಳು ನಮ್ಮ ಕೋಶಗಳಿಗೂ ಸಣ್ಣ ವಿಷವೇ. ಆ ಸಣ್ಣ ಪೆಟ್ಟಿಗೆ ಕೋಶ ಎಚ್ಚೆತ್ತು ತನ್ನದೇ ರಕ್ಷಣಾ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ. ವ್ಯಾಯಾಮದಿಂದ ಸ್ನಾಯು ಗಟ್ಟಿಯಾದ ಹಾಗೆ. ಸ್ವಲ್ಪ ಹಾಕಿದಾಗ ಕೋಶ ಬೆಳೆದು, ಜಾಸ್ತಿ ಹಾಕಿದಾಗ ಸತ್ತದ್ದು ಈ ವಾದಕ್ಕೆ ಚೆನ್ನಾಗಿ ಹೊಂದುತ್ತದೆ.

ಮೂರನೆಯ ವಾದ ರಕ್ತನಾಳಗಳದು. ಎಪಿಕೆಟೆಚಿನ್ ಸೇರಿದಂತೆ ಕೋಕೋದ ಫ್ಲಾವನಾಲ್‌ಗಳು ರಕ್ತನಾಳ ಸಡಿಲಿಸಿ ರಕ್ತದ ಹರಿವು ಹೆಚ್ಚಿಸುತ್ತವೆ. ಮಿದುಳಿಗೆ ಲಾಭ ಆಗುವುದಾದರೆ ಅದು ಈ ದಾರಿಯಿಂದ. ಇದಕ್ಕೆ ಪಾಲಿಫಿನಾಲ್ ಮಿದುಳಿನ ಒಳಗೆ ಹೋಗಲೇಬೇಕು ಅಂತೇನೂ ಇಲ್ಲ.

ನಾಲ್ಕನೆಯದು ಕರುಳಿನ ಸೂಕ್ಷ್ಮಜೀವಿಗಳ ವಾದ. ದಾಳಿಂಬೆಯ ಪಾಲಿಫಿನಾಲ್ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಯೂರೊಲಿಥಿನ್ ಎಂಬ ಸಣ್ಣ ಅಣುವಾಗಿ ಮಾಡುತ್ತವೆ. ಎಲ್ಲರ ಹೊಟ್ಟೆಯಲ್ಲೂ ಆ ಬ್ಯಾಕ್ಟೀರಿಯಾ ಇರುವುದಿಲ್ಲ. ಒಂದೇ ದಾಳಿಂಬೆಯನ್ನು ಇಬ್ಬರು ಹಂಚಿಕೊಂಡು ತಿಂದರೂ, ಒಬ್ಬರ ರಕ್ತದಲ್ಲಿ ಆ ಅಣು ಸಿಗಬಹುದು, ಇನ್ನೊಬ್ಬರಲ್ಲಿ ಸಿಗದೇ ಹೋಗಬಹುದು. ಪರೀಕ್ಷೆಗಳ ಫಲಿತಾಂಶ ಕಲಸುಮೇಲೋಗರ ಆಗಲು ಇದೂ ಒಂದು ಕಾರಣ ಇರಬಹುದು. ಮೂರನೆಯ ಮತ್ತು ನಾಲ್ಕನೆಯ ವಾದಗಳಲ್ಲೇ ತಿರುಳು ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ಸಣ್ಣ ಪ್ರಮಾಣ ಹೇಗೆ ಕೆಲಸ ಮಾಡಬಹುದು ಎಂಬುದಕ್ಕೆ ಅವು ಒಂದು ದಾರಿ ತೋರಿಸುತ್ತವೆ.

ಮನುಷ್ಯರಲ್ಲಿ ಏನಾಯಿತು

2014ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 50ರಿಂದ 69 ವರ್ಷದ 37 ಜನರ ಮೇಲೆ ಮೂರು ತಿಂಗಳ ಪರೀಕ್ಷೆ ನಡೆಸಿದರು. ದಿನಕ್ಕೆ 900 ಮಿಲಿಗ್ರಾಂ ಕೋಕೋ ಫ್ಲಾವನಾಲ್ ತೆಗೆದುಕೊಂಡವರಲ್ಲಿ ಹಿಪ್ಪೊಕ್ಯಾಂಪಸ್‌ನ ಒಂದು ಭಾಗ ಚುರುಕಾಗಿ ಕಂಡಿತು. ಈ ಸಂಶೋಧನೆಗೆ ಚಾಕೊಲೇಟ್ ಕಂಪನಿಯೊಂದರ ಹಣವೂ ಇತ್ತು. 2023ರಲ್ಲಿ ಅದೇ ವಿಚಾರವನ್ನು 3,562 ಹಿರಿಯರಲ್ಲಿ ದಿನಕ್ಕೆ 500 ಮಿಲಿಗ್ರಾಂ ಕೊಟ್ಟು ನೋಡಿದರು. ಒಟ್ಟಾರೆ ನೋಡಿದರೆ ನೆನಪಿನಲ್ಲಿ ಗಮನಾರ್ಹ ವ್ಯತ್ಯಾಸ ಬರಲಿಲ್ಲ. ಆದರೆ ಮೊದಲೇ ಆಹಾರ ಚೆನ್ನಾಗಿಲ್ಲದವರಲ್ಲಿ, ಫ್ಲಾವನಾಲ್ ಕಡಿಮೆ ಸಿಗುತ್ತಿದ್ದವರಲ್ಲಿ ನೆನಪು ಸುಧಾರಿಸಿತು. ಹಣ್ಣು, ತರಕಾರಿ ಸರಿಯಾಗಿ ತಿನ್ನುವವರಿಗೆ ಮೇಲಿಂದ ಸುರಿದರೆ ಲಾಭ ಕಾಣಲಿಲ್ಲ ಎಂದಾಯಿತು. ಇದನ್ನು ಓದಿ ಯಾರೂ ಚಾಕೊಲೇಟ್ ಬಾರ್ ಕೊಳ್ಳಬೇಕಿಲ್ಲ. ತಯಾರಿಕೆಯ ಹಂತದಲ್ಲೇ ಫ್ಲಾವನಾಲ್ ಬಹಳಷ್ಟು ನಾಶವಾಗುತ್ತದೆ.

ರೆಸ್ವೆರಟ್ರಾಲ್ ಅನ್ನು 2015ರಲ್ಲಿ 119 ಅಲ್ಝೈಮರ್ ರೋಗಿಗಳಲ್ಲಿ ಒಂದು ವರ್ಷ ಪರೀಕ್ಷಿಸಿದರು. ಅದು ಮಿದುಳಿಗೆ ತಲುಪಿತು ಎಂಬುದು ಖಚಿತವಾಯಿತು. ಆದರೆ ಮಿದುಳಿನ ಗಾತ್ರ ಕುಗ್ಗಿದ್ದು, ಮದ್ದು ತೆಗೆದುಕೊಂಡವರಲ್ಲೇ ಜಾಸ್ತಿ. ಅದು ಊತ ಇಳಿದದ್ದರಿಂದ ಇರಬಹುದು ಎಂದು ಸಂಶೋಧಕರು ಹೇಳಿದರು.

ಬೆಳೆಯುವ ಮಿದುಳಿಗೆ ಹತ್ತಿರದ ಪ್ರಯತ್ನ ಎಂದರೆ ಡೌನ್ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ಸ್ಥಿತಿ ಇರುವವರ ಕುರಿತದ್ದು. ಇವರಲ್ಲಿ ಡಿವೈಆರ್‌ಕೆ1ಎ ಎಂಬ ಜೀನ್ ಒಂದು ಪ್ರತಿ ಜಾಸ್ತಿ ಇರುತ್ತದೆ. ನರಕೋಶಗಳ ಬೆಳವಣಿಗೆ ಏರುಪೇರಾಗುವುದರಲ್ಲಿ ಅದರ ಪಾತ್ರ ಇದೆ. ಗ್ರೀನ್ ಟೀಯ ಇಜಿಸಿಜಿ ಆ ಜೀನಿನ ಕಿಣ್ವವನ್ನು ತಡೆಯುತ್ತದೆ. 2016ರಲ್ಲಿ ಬಾರ್ಸಿಲೋನಾದ ತಂಡ ಯುವಜನರಿಗೆ, ಕಲಿಕೆಯ ತರಬೇತಿಯ ಜೊತೆ, ಒಂದು ವರ್ಷ ಇಜಿಸಿಜಿ ಕೊಟ್ಟು ಕೆಲವು ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. 2022ರಲ್ಲಿ 6ರಿಂದ 12 ವರ್ಷದ 73 ಮಕ್ಕಳ ಫಲಿತಾಂಶ ಬಂತು. ಸುರಕ್ಷಿತ ಎಂದು ಕಂಡಿತು, ಆದರೆ ಕಲಿಕೆಯ ಶಕ್ತಿಯಲ್ಲಿ ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಇಂಥ ಮಕ್ಕಳ ತಂದೆತಾಯಿಗೆ ಪ್ರತಿ ಹೊಸ ಸುದ್ದಿಯೂ ಒಂದು ಆಸೆ. ಮೊದಲ ಸುದ್ದಿ ಎಷ್ಟು ದೊಡ್ಡದಾಗಿ ಬಂತೋ ಎರಡನೆಯದೂ ಅಷ್ಟೇ ದೊಡ್ಡದಾಗಿ ಅವರಿಗೆ ಮುಟ್ಟಬೇಕಿತ್ತು.

'ಅರಿಶಿನ ತಿನ್ನುವ ಭಾರತೀಯರಿಗೆ ಮರೆವಿನ ಕಾಯಿಲೆ ಕಡಿಮೆ' ಎಂಬ ಮಾತಿಗೂ ಒಂದು ಮೂಲ ಇದೆ. ಹರಿಯಾಣದ ಬಲ್ಲಭಗಢದಲ್ಲಿ ನಡೆದ ಅಧ್ಯಯನದಲ್ಲಿ ಅಲ್ಝೈಮರ್ ಪ್ರಮಾಣ ಅಮೆರಿಕಕ್ಕಿಂತ ಕಡಿಮೆ ಕಂಡಿತ್ತು. ಆದರೆ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಂದಾಜಿನ ಪ್ರಕಾರ 60 ದಾಟಿದವರಲ್ಲಿ ಶೇ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ.

ಮಗುವಿನ ಮಿದುಳು ಮತ್ತು ಕಬ್ಬಿಣ

ಪಾಲಿಫಿನಾಲ್‌ಗೂ ಮಿದುಳಿನ ಬೆಳವಣಿಗೆಗೂ ಗಟ್ಟಿ ಪುರಾವೆ ಇರುವ ಸಂಬಂಧ ಒಂದಿದೆ. ಅದು ಜಾಹೀರಾತಿನಲ್ಲಿ ಬರುವುದಿಲ್ಲ. ಎಂಜಲನ್ನು ಹಿಡಿದ ಆ ಒಗರು, ಊಟದಲ್ಲಿರುವ ಕಬ್ಬಿಣದ ಅಂಶವನ್ನೂ ಹಿಡಿಯುತ್ತದೆ. ಹಾಗೆ ಹಿಡಿದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಹೋಗದೆ ಹೊರಗೆ ಹೋಗುತ್ತದೆ. 1999ರ ಒಂದು ಪರೀಕ್ಷೆಯಲ್ಲಿ, ಬ್ರೆಡ್ ಊಟದ ಜೊತೆ ಕಪ್ಪು ಚಹಾ ಕುಡಿದಾಗ ಕಬ್ಬಿಣ ಹೀರಿಕೆ ಶೇ 79ರಿಂದ 94ರಷ್ಟು ಕಡಿಮೆಯಾಗಿತ್ತು.

ನರತಂತುಗಳಿಗೆ ಕೊಬ್ಬಿನ ಹೊದಿಕೆ ಹಾಕುವ ಕೋಶಗಳಿಗೆ ಕಬ್ಬಿಣ ಬೇಕೇ ಬೇಕು. ಸಿಗಬೇಕಾದ ಕಾಲದಲ್ಲಿ ಸಿಗದಿದ್ದರೆ ಆಮೇಲೆ ಸರಿಪಡಿಸುವುದು ಕಷ್ಟ. ಕೋಸ್ಟಾರಿಕಾದಲ್ಲಿ ಶಿಶುಗಳನ್ನು 19 ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನ ಇದನ್ನು ತೋರಿಸಿತು. ಶೈಶವದಲ್ಲಿ ತೀವ್ರ ಕಬ್ಬಿಣದ ಕೊರತೆ ಇದ್ದವರಿಗೆ ಚಿಕಿತ್ಸೆ ಕೊಟ್ಟ ಮೇಲೂ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಅವರು ಹಿಂದೆಯೇ ಉಳಿದರು. ನಮ್ಮ ದೇಶದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67.1, ಗರ್ಭಿಣಿಯರಲ್ಲಿ ಶೇ 52.2 ಜನರಿಗೆ ರಕ್ತಹೀನತೆ ಇದೆ. ಎಲ್ಲವೂ ಕಬ್ಬಿಣದ ಕೊರತೆಯಿಂದಲೇ ಅಲ್ಲ, ಆದರೆ ಅದು ದೊಡ್ಡ ಕಾರಣ.

ರಾಗಿಯನ್ನೇ ನೋಡಿ. ಅದರ ಕೆಂಪು ಸಿಪ್ಪೆಯಲ್ಲಿ ಪಾಲಿಫಿನಾಲ್ ತುಂಬಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದರ ಬಗ್ಗೆ ಸಾಕಷ್ಟು ಕೆಲಸ ಮಾಡಿದೆ. ಸಕ್ಕರೆ ಕಾಯಿಲೆ ಇರುವ ದೊಡ್ಡವರಿಗೆ ಆ ಸಿಪ್ಪೆಯಿಂದ ಅನುಕೂಲ ಇರಬಹುದು. ಆರು ತಿಂಗಳ ಮಗುವಿಗೆ ಅದೇ ಸಿಪ್ಪೆ ಕಬ್ಬಿಣಕ್ಕೆ ಅಡ್ಡ ನಿಲ್ಲುತ್ತದೆ. ನಮ್ಮ ಕಡೆ ರಾಗಿ ಸರಿ ಮಾಡುವಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸುತ್ತಾರಲ್ಲ, ಅದು ಸುಮ್ನೆ ಬಂದ ಪದ್ಧತಿ ಅಲ್ಲ. ಮೊಳಕೆ ಬಂದಾಗ ಟ್ಯಾನಿನ್ ಮತ್ತು ಕಬ್ಬಿಣವನ್ನು ಹಿಡಿದಿಡುವ ಇನ್ನೊಂದು ವಸ್ತುವಾದ ಫೈಟೇಟ್ ಎರಡೂ ಇಳಿಯುತ್ತವೆ. ಜಾಲಿಸಿದಾಗ ಬಟ್ಟೆಯ ಮೇಲೆ ಸಿಪ್ಪೆ ಉಳಿಯುತ್ತದೆ. ಪಾಲಿಫಿನಾಲ್ ತೆಗೆದುಹಾಕಿಯೇ ಮಗುವಿಗೆ ಉಣ್ಣಿಸುವ ಕ್ರಮ ಅದು.

ಗರ್ಭಿಣಿಯರ ವಿಚಾರದಲ್ಲೂ ಪರಿಣಾಮ ನೇರ. ಊಟದ ಜೊತೆ, ಕಬ್ಬಿಣದ ಮಾತ್ರೆಯ ಜೊತೆ ಚಹಾ ಕುಡಿದರೆ ಮಾತ್ರೆಯ ಒಂದಷ್ಟು ಭಾಗ ದಂಡ. ಒಂದು ಗಂಟೆ ಬಿಟ್ಟು ಕುಡಿದರೆ ಅಡ್ಡಿ ಬಹಳ ತಗ್ಗುತ್ತದೆ. ಊಟದಲ್ಲಿ ನಿಂಬೆಹುಳಿ, ನೆಲ್ಲಿಕಾಯಿ ಇದ್ದರೆ ಅದರ ವಿಟಮಿನ್ ಸಿ ಕಬ್ಬಿಣಕ್ಕೆ ದಾರಿ ಮಾಡಿಕೊಡುತ್ತದೆ.

ಡಬ್ಬಿಗೆ ಇಳಿದಾಗ

ಅಡುಗೆಯ ಅರಿಶಿನದ ಬಗ್ಗೆ ಯಾರೂ ಗಾಬರಿ ಆಗಬೇಕಿಲ್ಲ. ಲಿವರ್ ಹಾನಿಯ ವರದಿಗಳು ಮುಖ್ಯವಾಗಿ ಬಂದದ್ದು ಸಾಂದ್ರ ಮಾಡಿದ ಮಾತ್ರೆಗಳಿಂದ, ಅದರಲ್ಲೂ ಹೀರಿಕೆ ಹೆಚ್ಚಿಸಿದ ಮಾತ್ರೆಗಳಿಂದ. ಅಮೆರಿಕದ ಒಂದು ಸಂಶೋಧನಾ ಜಾಲ ಗುರುತಿಸಿದ ಹತ್ತು ಪ್ರಕರಣಗಳಲ್ಲಿ ಏಳು ಜನರಿಗೆ ಒಂದು ನಿರ್ದಿಷ್ಟ ಜೀನ್ ರೂಪ ಇತ್ತು. ಗ್ರೀನ್ ಟೀ ಸಾರದ ಮಾತ್ರೆಗಳಲ್ಲೂ ಹೀಗೇ. ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ ದಾಟಿದರೆ ಲಿವರ್‌ಗೆ ತೊಂದರೆಯ ಲಕ್ಷಣ ಕಾಣಬಹುದು ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. ದೇಹ ಬೇಡ ಎಂದು ಹೊರಹಾಕುವ ವಸ್ತುವನ್ನು ಬಲವಂತವಾಗಿ ಒಳಗೆ ಉಳಿಸಿದರೆ, ಲಾಭದ ಜೊತೆ ಹಾನಿಯೂ ಉಳಿಯುತ್ತದೆ. ಗರ್ಭಿಣಿಯರು ಮತ್ತು ಮಕ್ಕಳು ಇಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಹಳದಿ ಬಣ್ಣದೊಳಗಿನ ಸೀಸ

ಅರಿಶಿನ ಮತ್ತು ಮಿದುಳು ಎಂದಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಹಳದಿ ಬಣ್ಣ ಅರಿಶಿನದ್ದೇ ತಾನೇ? ಅರಿಶಿನದ ಕೊಂಬನ್ನು ಹೊಳಪು ಮಾಡುವಾಗ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುವ ದಂಧೆ ದಕ್ಷಿಣ ಏಷ್ಯಾದ ಹಲವೆಡೆ ಇದೆ. ಅದರಲ್ಲಿರುವುದು ಸೀಸ. ಸೀಸ ಮಗುವಿನ ಮಿದುಳನ್ನು ಕೆಡಿಸುತ್ತದೆ ಎಂಬುದರಲ್ಲಿ ಯಾವ ವಾದವೂ ಇಲ್ಲ. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಅರಿಶಿನದಲ್ಲಿ ಸೀಸಕ್ಕೆ ಹಾಕಿದ ಮಿತಿ ಒಂದು ಗ್ರಾಂಗೆ 10 ಮೈಕ್ರೋಗ್ರಾಂ. ಪಟ್ನಾ, ಕರಾಚಿ, ಪೇಶಾವರದಲ್ಲಿ ಸಿಕ್ಕ ಕೆಲವು ಮಾದರಿಗಳಲ್ಲಿ ಅದು 1,000 ದಾಟಿತ್ತು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹೊಳಪು ಮಾಡಿದ ಕೊಂಬುಗಳಲ್ಲಿ ಸೀಸ ಹೆಚ್ಚು.

ಇದು ತಡೆಯಲಾಗದ ಪಿಡುಗೇನೂ ಅಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿನ ಮಾದರಿಗಳ ಪೈಕಿ ಶೇ 47ರಲ್ಲಿ ಸೀಸ ಸಿಕ್ಕಿತ್ತು. ಅಧಿಕಾರಿಗಳು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರದಿಂದ ಸಗಟು ಮಾರುಕಟ್ಟೆಯಲ್ಲೇ ಪರೀಕ್ಷಿಸಿದರು, ಸಿಕ್ಕಿಬಿದ್ದ ವ್ಯಾಪಾರಿಗಳಿಗೆ ದಂಡ ಹಾಕಿದರು, ಅದನ್ನು ಟಿವಿಯಲ್ಲಿ ತೋರಿಸಿದರು. ಎರಡು ವರ್ಷದಲ್ಲಿ ಆ ಶೇ 47 ಸೊನ್ನೆಗೆ ಇಳಿಯಿತು. ಅರಿಶಿನದ ಗಿರಣಿಗಳಲ್ಲಿ ದುಡಿಯುವವರ ರಕ್ತದಲ್ಲಿದ್ದ ಸೀಸವೂ ಸುಮಾರು ಶೇ 30ರಷ್ಟು ಕಡಿಮೆಯಾಯಿತು.